ಸಕ್ಕರೆಯ ಊರಿನಲ್ಲಿ ಸಣ್ಣ ನಾಯಿಯ ಪಾಡು



ಈ ಸಲದ ಬರಹ ನಿಮ್ಮಲ್ಲಿ ಕೆಲವರಿಗೆ ಬೇಸರ ತರಬಹುದು. ನಿಮ್ಮ ಮನೆಗೆ ಬಂದು, ಚಹಾ ಕುಡಿದು, ನಿಮ್ಮ ಮುದ್ದಿನ ನಾಯಿಯ ತಲೆ ಸವರಿ ಹೋದ ಮೇಲೆ ಹೀಗೆ ಬರೆಯುವುದು ಅತಿಥಿಗೆ ಶೋಭೆಯಲ್ಲವೆಂದು ನಾನು ಬಲ್ಲೆ. ಆದರೆ ತಪ್ಪು ಲೆಕ್ಕ ಕಂಡಾಗ ಕೆಂಪು ಶಾಯಿಯ ಗೆರೆ ಎಳೆಯದೆ ಮುಂದೆ ಹೋಗುವ ಅಭ್ಯಾಸ ನನಗೆ ಸೇವೆಯಲ್ಲಿದ್ದಾಗಲೂ ಇರಲಿಲ್ಲ, ನಿವೃತ್ತಿಯ ನಂತರವೂ ಬಂದಿಲ್ಲ. ಆದ್ದರಿಂದ ನೇರವಾಗಿಯೇ ಹೇಳುತ್ತೇನೆ: ನಮ್ಮ ಮನೆಗಳ ಸಣ್ಣ ನಾಯಿಗಳ ಆಯುಷ್ಯವನ್ನು ನಾವು ಪ್ರೀತಿಯ ಹೆಸರಿನಲ್ಲಿ ಕಡಿಮೆ ಮಾಡುತ್ತಿದ್ದೇವೆ, ಅದೂ ಬಿಸ್ಕೀಟು, ಪೇಢೆ, ಬೆಲ್ಲಗಳಿಂದ.

ಉಗಾರ ಖುರ್ದ ಕೃಷ್ಣೆಯ ದಡದ ಊರು, ಕಬ್ಬಿನ ಊರು. 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆ ಈ ಊರಿನ ಗಡಿಯಾರವನ್ನೂ ಪಂಚಾಂಗವನ್ನೂ ನಡೆಸುತ್ತ ಬಂದಿದೆ. ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಗಾಳಿಯೇ ಸಿಹಿಯಾಗುತ್ತದೆ. ಬಂದವರಿಗೆ ಸಿಹಿ ಕೊಡದೆ ಕಳಿಸುವುದು ಇಲ್ಲಿ ಅಪಚಾರ. ಈ ಸಂಸ್ಕಾರದ ಮೇಲೆ ನನಗೆ ಗೌರವವಿದೆ. ಆದರೆ ಬಾಗಿಲಲ್ಲಿ ಬಾಲ ಅಲ್ಲಾಡಿಸುವ ಐದು ಕಿಲೋ ತೂಕದ ಜೀವಕ್ಕೂ ಅದೇ ಸಂಸ್ಕಾರವನ್ನು ಅನ್ವಯಿಸಿದರೆ ಅದು ಸತ್ಕಾರವಲ್ಲ.

ಲೆಕ್ಕಕ್ಕೆ ಬರೋಣ. ಹೆಚ್ಚು ಓಡಾಟವಿಲ್ಲದೆ ಮನೆಯೊಳಗೇ ಇರುವ, ಐದು ಕಿಲೋ ತೂಕದ ಬೆಳೆದ ನಾಯಿಗೆ ದಿನಕ್ಕೆ ಬೇಕಾಗುವ ಶಕ್ತಿ ಸುಮಾರು 350 ಕ್ಯಾಲರಿ. ಊಟದ ಹೊರತಾಗಿ ಕೊಡುವ ತಿನಿಸು ಇದರ ಹತ್ತನೆಯ ಒಂದು ಭಾಗವನ್ನು ಮೀರಬಾರದೆಂಬುದು ಪಶುವೈದ್ಯರ ಸಾಮಾನ್ಯ ನಿಯಮ. ಅಂದರೆ 35 ಕ್ಯಾಲರಿ. ಒಂದು ಚಿಕ್ಕ ಗ್ಲುಕೋಸ್ ಬಿಸ್ಕೀಟಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕ್ಯಾಲರಿ ಇರುತ್ತದೆ. ಹಾಗಾದರೆ ದಿನದ ಮಿತಿ ಒಂದೂವರೆ ಬಿಸ್ಕೀಟು. ಮನೆಯಲ್ಲಿ ನಾಲ್ವರಿದ್ದಾರೆ ಎನ್ನೋಣ. ಒಬ್ಬೊಬ್ಬರೂ ತಮ್ಮ ತಮ್ಮ ಚಹಾದ ಹೊತ್ತಿಗೆ ಎರಡೆರಡು ಕೊಡುತ್ತಾರೆ. ಎಂಟು ಬಿಸ್ಕೀಟು! ದಿನದ ಆಹಾರದ ಅರ್ಧದಷ್ಟು ಶಕ್ತಿ ತಟ್ಟೆಗೆ ಅನ್ನ ಬೀಳುವ ಮೊದಲೇ ಹೊಟ್ಟೆ ಸೇರಿತು. ಆಮೇಲೆ ಊಟ ಪೂರ್ತಿಯಾಗಿಯೇ ಬರುತ್ತದೆ. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ನಾಯಿಯಂತೂ ಹೇಳುವುದಿಲ್ಲ.

ಇಪ್ಪತ್ತು ಗ್ರಾಮಿನ ಒಂದು ಪೇಢೆಯಲ್ಲಿ ಸುಮಾರು 80 ಕ್ಯಾಲರಿ. ದಿನಕ್ಕೆ 2000 ಕ್ಯಾಲರಿ ಬೇಕಾಗುವ ಮನುಷ್ಯನಿಗೆ ಹೋಲಿಸಿದರೆ, ನಾಯಿಗೆ ಒಂದು ಪೇಢೆ ಕೊಡುವುದೆಂದರೆ ಅವನಿಗೆ ಒಂದೇ ಸಲಕ್ಕೆ ಐದಾರು ಪೇಢೆ ತಿನ್ನಿಸಿದಂತೆ. "ಒಂದ ಪೇಢೆ ಕೊಟ್ಟರ ಏನಾಕ್ಕೈತಿ ಸರ್?" ಎಂದು ಕೇಳುವವರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ತೂಕದ ಲೆಕ್ಕವೂ ಹೀಗೆಯೇ. ಐದು ಕಿಲೋ ಇರಬೇಕಾದ ನಾಯಿ ಆರೂವರೆ ಕಿಲೋ ಆದರೆ ನಮಗೆ ಅದು ಬರೀ ಒಂದೂವರೆ ಕಿಲೋ. ಆದರೆ ಶೇಕಡಾ ಮೂವತ್ತರ ಏರಿಕೆ! ಅರವತ್ತು ಕಿಲೋ ಇರುವವರು ಎಪ್ಪತ್ತೆಂಟಕ್ಕೆ ಏರಿದಂತೆ. ನಮ್ಮಲ್ಲಿ ಪಾಮೇರಿಯನ್ ಎಂದು ಕರೆಯುವ ಬಿಳಿಯ ನಾಯಿಗಳಿಗೆ ದಟ್ಟ ರೋಮವಿರುವುದರಿಂದ ಈ ಬೊಜ್ಜು ಕಣ್ಣಿಗೂ ಬೀಳುವುದಿಲ್ಲ. ಅವುಗಳ ತೆಳು ಮೊಣಕಾಲಿನ ಚಿಪ್ಪು ಜಾರುವುದು, ಶ್ವಾಸನಾಳ ಕುಸಿದು ಒಣಕೆಮ್ಮು ಹತ್ತುವುದು ಸಣ್ಣ ತಳಿಗಳಲ್ಲಿ ಸಾಮಾನ್ಯ. ಬೊಜ್ಜು ಇವೆರಡನ್ನೂ ಉಲ್ಬಣಗೊಳಿಸುತ್ತದೆ. ಚಪ್ಪಟೆ ಮೂಗಿನ ಪಗ್ ನಾಯಿಯ ಉಸಿರಾಟವಂತೂ ಮೊದಲೇ ಕಷ್ಟ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬೊಜ್ಜು ಬೆಳೆಸಿಕೊಂಡ ಪಗ್ ಪಡುವ ಯಾತನೆಯನ್ನು ಕಂಡವರು "ನೋಡ್ರಿ, ಎಷ್ಟ ಗುಂಡಗ ಚಂದ ಆಗೇತಿ" ಎಂದು ನಗಲಾರರು.

ಇವೆಲ್ಲ ಊಹೆಯ ಮಾತುಗಳಲ್ಲ. 2002ರಲ್ಲಿ ಅಮೆರಿಕದ ಪಶುವೈದ್ಯಕೀಯ ಪತ್ರಿಕೆಯೊಂದರಲ್ಲಿ 48 ಲ್ಯಾಬ್ರಡಾರ್ ನಾಯಿಗಳ ಜೀವಮಾನದುದ್ದಕ್ಕೂ ನಡೆದ ಅಧ್ಯಯನ ಪ್ರಕಟವಾಯಿತು. ಒಡಹುಟ್ಟಿದ ಜೋಡಿಗಳಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25ರಷ್ಟು ಕಡಿಮೆ ಆಹಾರ ಕೊಡಲಾಯಿತು. ಕಡಿಮೆ ತಿಂದವುಗಳ ಮಧ್ಯಮ ಆಯುಷ್ಯ 13 ವರ್ಷ, ಉಳಿದವುಗಳದ್ದು 11.2 ವರ್ಷ. ಅವು ದೊಡ್ಡ ನಾಯಿಗಳಲ್ಲವೇ ಎನ್ನುವಿರಾ? ಐವತ್ತು ಸಾವಿರಕ್ಕೂ ಹೆಚ್ಚು ನಾಯಿಗಳ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಅತಿತೂಕದಿಂದ ಅತಿ ಹೆಚ್ಚು ಆಯುಷ್ಯ ಕಳೆದುಕೊಂಡದ್ದು ಪುಟಾಣಿ ಯಾರ್ಕ್‌ಷೈರ್ ಟೆರಿಯರ್: ಸುಮಾರು ಎರಡೂವರೆ ವರ್ಷ. ಜರ್ಮನ್ ಶೆಫರ್ಡ್ ಕಳೆದುಕೊಂಡದ್ದು ಐದು ತಿಂಗಳು. ಅಲ್ಲಿಯೂ ಹೆಚ್ಚು ದಂಡ ತೆತ್ತದ್ದು ಸಣ್ಣ ನಾಯಿಯೇ.

ಈಗ ನನ್ನ ಎದುರು ಬರುವ ವಾದಗಳು.

ಮೊದಲನೆಯದು, "ಪಾಪ, ಮೂಕಪ್ರಾಣಿ, ಹಂಗ ನೋಡ್ತೈತಿ ಕಾಕಾ." ನೋಡುತ್ತದೆ, ನಿಜ. ಹಾಗೆ ನೋಡಿದರೆ ಬಿಸ್ಕೀಟು ಸಿಗುತ್ತದೆಂದು ಅದಕ್ಕೆ ಪಾಠ ಹೇಳಿಕೊಟ್ಟವರು ನಾವು. ಅದರ ನೋಟವೆಲ್ಲ ಹಸಿವಲ್ಲ. ಬಹಳಷ್ಟು ಸಲ ಅದಕ್ಕೆ ಬೇಕಾಗಿರುವುದು ನಮ್ಮ ಗಮನ. ಎದ್ದು ಹತ್ತು ನಿಮಿಷ ಅದರೊಡನೆ ನಡೆದಾಡುವುದಕ್ಕಿಂತ ಒಂದು ಬಿಸ್ಕೀಟು ಎಸೆಯುವುದು ಸುಲಭ. ಆ ಸೋಮಾರಿತನಕ್ಕೆ ನಾವು ಕರುಣೆಯೆಂದು ಹೆಸರಿಟ್ಟಿದ್ದೇವೆ.

ಎರಡನೆಯದು, "ನಮ್ಮ ಅಜ್ಜನ ಕಾಲದ ನಾಯಿಗಳು ರೊಟ್ಟಿ ತಿಂದು ಬದುಕಲಿಲ್ಲವೇ?" ಬದುಕಿದವು. ಆದರೆ ಅವು ದಿನವಿಡೀ ಹೊಲ ಕಾಯುತ್ತಿದ್ದವು, ಕುರಿಹಿಂಡಿನ ಹಿಂದೆ ಹರದಾರಿಗಟ್ಟಲೆ ಓಡುತ್ತಿದ್ದವು. ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ನೋಡಿ: ಬಿಗಿದ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು. 2005ರಲ್ಲಿ ಅದರ ಚಿತ್ರ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಸೇನೆ ಅದನ್ನು ತರಬೇತಿಗೆ ತೆಗೆದುಕೊಂಡಿತು. ಅದನ್ನು ಯಾರೂ "ಪಾಪ, ಬಡಕಲು" ಎನ್ನಲಿಲ್ಲ. ಐವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯೆಂದರೆ ಸೋಫಾದ ಮೇಲೆ ಮಲಗುವ ಸಣ್ಣ ನಾಯಿಗೆ ಹತ್ತಿರ ಹತ್ತಿರ ಅರ್ಧ ದಿನದ ಆಹಾರ. ಅದು ಊಟವಾಗಬಹುದು, ತಿನಿಸಲ್ಲ.

ಮೂರನೆಯದು, "ನಾಯಿಗೆ ಪಥ್ಯ ಎನ್ನುವುದು ಪರದೇಶದ ಶೋಕಿ." ನಾಯಿಯನ್ನು ಗೌರವಿಸುವುದನ್ನು ಕನ್ನಡಿಗರು ಪರದೇಶದಿಂದ ಕಲಿಯಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೆನಪಿಸಿಕೊಳ್ಳಿ. ಕ್ರಿ.ಶ. 949ರ ಹೊತ್ತಿಗೆ ಗಂಗ ಬೂತುಗನು ಮೆಚ್ಚಿ ಏನು ಬೇಕೆಂದು ಕೇಳಿದಾಗ, ವೀರನಾದ ಮಣಲೆರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ನಾಯಿಗೆ ಸಂದದ್ದು ಅದರ ಶಕ್ತಿಗೆ, ನಿಷ್ಠೆಗೆ ಸಲ್ಲಬೇಕಾದ ಮರ್ಯಾದೆ. ನಾಯಿಯನ್ನು ನಾಯಿಯಾಗಿ, ಓಡಬಲ್ಲ ಜೀವವಾಗಿ ಉಳಿಸುವುದೇ ನಿಜವಾದ ಪ್ರೀತಿ.

ಹಾಗಾದರೆ ಕೊಡುವುದೇನು? ದುಬಾರಿ ಪೊಟ್ಟಣಗಳನ್ನು ಹುಡುಕಿಕೊಂಡು ಮೀರಜಿಗೋ ಬೆಳಗಾವಿಗೋ ಹೋಗಬೇಕಾಗಿಲ್ಲ. ಗಜ್ಜರಿ, ಸೌತೆಕಾಯಿ, ಉಪ್ಪಿಲ್ಲದೆ ಬೇಯಿಸಿದ ಬೀನ್ಸ್, ಬೇಯಿಸಿದ ಸಿಹಿಗುಂಬಳ, ಬೀಜ ತೆಗೆದ ಸೇಬು: ಎಲ್ಲವೂ ವಾರದ ಸಂತೆಯಲ್ಲಿ ಸಿಗುತ್ತವೆ. ಒಂದೂವರೆ ಬಿಸ್ಕೀಟಿನ ಶಕ್ತಿಯಲ್ಲಿ ಎಂಬತ್ತು ಗ್ರಾಂ ಗಜ್ಜರಿ ಬರುತ್ತದೆ. ಗಂಟಲಿಗೆ ಸಿಕ್ಕಿಕೊಳ್ಳದಂತೆ ಸಣ್ಣಗೆ ಹೆಚ್ಚಿದರೆ ಹತ್ತಾರು ಸಲ ಕೊಡಬಹುದು. ನಾಯಿಗೆ ತುಂಡಿನ ಗಾತ್ರಕ್ಕಿಂತ ಕೊಡುವ ಕೈ ಮುಖ್ಯ. ತಿನಿಸು ಕೊಟ್ಟ ದಿನ ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಿ.

ಕೊಡಲೇಬಾರದವುಗಳಲ್ಲಿ ಮೊದಲನೆಯದು ದ್ರಾಕ್ಷಿ ಮತ್ತು ಒಣದ್ರಾಕ್ಷಿ. ಅಥಣಿ, ವಿಜಯಪುರ, ತಾಸಗಾಂವಗಳ ನಡುವೆ ಬದುಕುವ ನಮ್ಮ ಮನೆಗಳಲ್ಲಿ ಅದು ಸದಾ ಇರುತ್ತದೆ. ಸ್ವಲ್ಪ ಪ್ರಮಾಣವೂ ನಾಯಿಯ ಮೂತ್ರಪಿಂಡವನ್ನು ಹಾಳುಗೆಡವಬಲ್ಲದು. ಒಣದ್ರಾಕ್ಷಿ ಇರುವ ಕಾರಣ ಗೋಕಾಕದ ಕರದಂಟೂ ನಿಷಿದ್ಧ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಅದರ ರಕ್ತಕಣಗಳನ್ನು ಒಡೆಯುತ್ತವೆ; ಆದ್ದರಿಂದ ಪಲ್ಯದ ರಸದಲ್ಲಿ ನೆನೆಸಿದ ರೊಟ್ಟಿ ಬೇಡ. ಚಾಕೊಲೇಟ್ ವಿಷ. ಎಣ್ಣೆಯಲ್ಲಿ ಕರಿದ ಭಜಿ ಮೇದೋಜೀರಕ ಗ್ರಂಥಿಗೆ ಆಪತ್ತು.

ಕೊನೆಗೆ ಮನೆಗೆಲಸ ಕೊಡದೆ ಮುಗಿಸಿದರೆ ನಾನು ಮೇಷ್ಟ್ರೇ ಅಲ್ಲ. ಬರುವ ರವಿವಾರ ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ಒಬ್ಬರೇ ನಿಲ್ಲಿ, ಕಳೆಯಿರಿ. ಪಕ್ಕೆಯ ಮೇಲೆ ಮೆಲ್ಲಗೆ ಬೆರಳಾಡಿಸಿ: ಅಂಗೈ ಕೆಳಗೆ ಮಾಡಿ ಚಾಚಿದ ಕೈಯ ಹಿಂಬದಿಯ ಎಲುಬುಗಳಂತೆ ಪಕ್ಕೆಲುಬು ತಾಗಿದರೆ ಸರಿ, ಒತ್ತಿ ಹುಡುಕಬೇಕಾದರೆ ಬೊಜ್ಜು ಬಂದಿದೆ. ಆಗ ಪಶುವೈದ್ಯರಿಗೆ ತೋರಿಸಿ, ಏಕೆಂದರೆ ಥೈರಾಯ್ಡ್ ತೊಂದರೆಯಿಂದಲೂ ತೂಕ ಏರಬಹುದು. ಉಪವಾಸ ಕೆಡವಬೇಡಿ. ವಾರಕ್ಕೆ ದೇಹತೂಕದ ಶೇಕಡಾ ಒಂದರಿಂದ ಎರಡರಷ್ಟು ಇಳಿದರೆ ಸಾಕು. ಆರೂವರೆ ಕಿಲೋ ನಾಯಿ ಐದಕ್ಕೆ ಬರಲು ನಾಲ್ಕೈದು ತಿಂಗಳು ಬೇಕು. ಮುಂಜಾನೆಯೇ ದಿನದ ತಿನಿಸನ್ನು ಒಂದು ಡಬ್ಬಿಯಲ್ಲಿ ತುಂಬಿಡಿ. ಯಾರೇ ಕೊಡಲಿ, ಅದರಿಂದಲೇ ಕೊಡಲಿ. ಡಬ್ಬಿ ಖಾಲಿಯಾದರೆ ಅಂದಿಗೆ ಮುಗಿಯಿತು. ಅಜ್ಜಿಗೂ ಇದೇ ನಿಯಮ, ಮೊಮ್ಮಗನಿಗೂ ಇದೇ, ನಿಮ್ಮ ಮನೆಗೆ ಬರುವ ನನಗೂ ಇದೇ.