ಚಾಲಿ ಕತ್ತರಿಸಿ ನೋಡ್ತಾರೆ, ಬೈಕ್ ಯಾಕೆ ನೋಡೋದಿಲ್ಲ?

ಕುಮಟಾ ಎಪಿಎಂಸಿಯಲ್ಲಿ ಹಳೆ ಚಾಲಿಗೆ ಹೊಸ ಚಾಲಿಗಿಂತ ದರ ಜಾಸ್ತಿ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಹಳೇದು ಅಂದ ಮಾತ್ರಕ್ಕೆ ಯಾವ ವ್ಯಾಪಾರಿಯೂ ದರ ಬರೆಯೋದಿಲ್ಲ. ಚೀಲದ ಬುಡಕ್ಕೆ ಕೈ ಹಾಕ್ತಾನೆ, ನಾಲ್ಕು ಅಡಿಕೆ ತೆಗೀತಾನೆ, ಕತ್ತರಿಸಿ ಒಳಗಿನ ಬಣ್ಣ ನೋಡ್ತಾನೆ. ಹುಳ ಹಿಡಿದಿದ್ದರೆ ಅಲ್ಲೇ ದರ ಇಳೀತದೆ. ನಾವು ಬಾಯಿ ಮುಚ್ಚಿಕೊಂಡು ನಿಂತಿರ್ತೇವೆ, ಯಾಕೆಂದರೆ ಅವನು ಮಾಡ್ತಿರೋದು ಸರಿ. ಇಂಥ ಮನೆಯ ಹುಡುಗನೇ ನಲವತ್ತು ವರ್ಷದ ಬೈಕ್ ಕೊಳ್ಳೋಕೆ ಹೋದರೆ ಟ್ಯಾಂಕಿನ ಮೇಲೆ ಕೈ ಸವರ್ತಾನೆ, ಎರಡು ಸಲ ಆಕ್ಸಿಲರೇಟರ್ ತಿರುವಿ ಸೈಲೆನ್ಸರ್ ಸದ್ದು ಕೇಳ್ತಾನೆ, ಅಲ್ಲೇ ನಿಂತು ಫೋನಿನಲ್ಲಿ ಅಡ್ವಾನ್ಸ್ ಹಾಕಿಬಿಡ್ತಾನೆ.

ಈ ವರ್ಷ ಅಡಿಕೆ ದುಡ್ಡು ಕೈಗೆ ಬಂದ ಮೇಲೆ ನಮ್ಮ ಸುತ್ತಿನ ಮೂರು ಹುಡುಗರು ಹೀಗೆ ಹಳೆ ಗಾಡಿ ಹುಡುಕ್ತಿದ್ದಾರೆ. ಒಬ್ಬನಿಗೆ ಆರ್‌ಡಿ 350 ಬೇಕು, ಕೇಳಿದ ಬೆಲೆ ಮೂರೂವರೆ ಲಕ್ಷ. ಅವರ ಮನೆಯ ತೋಟಕ್ಕೆ ಈ ವರ್ಷ ಎರಡನೇ ಸಲ ಔಷಧಿ ಹೊಡೆದಿಲ್ಲ, ಕೊಳೆ ಬಂದರೆ ಬರಲಿ ಅಂತ ಬಿಟ್ಟಿದ್ದಾರೆ. ಅದಕ್ಕೇ ಇದನ್ನು ಬರೀತಾ ಇದ್ದೇನೆ. ನಾನು ಮೆಕ್ಯಾನಿಕ್ ಅಲ್ಲ, ಎಸ್ಸೆಸ್ಸೆಲ್ಸಿ ಮುಗಿಸಿ ತೋಟಕ್ಕೆ ಇಳಿದವನು. ಆದರೆ ಮನೇಲಿ ಒಂದು ಯೆಜ್ಡಿ ರೋಡ್‌ಕಿಂಗ್ ಇದೆ, ಹಾಲಿನ ಕ್ಯಾನು ಹೊತ್ತು ಡೈರಿಗೆ ಹೋದ ಗಾಡಿ. ಅದರ ಹೊಟ್ಟೆಯನ್ನು ನಾನೇ ಬಿಚ್ಚಿ ಜೋಡಿಸಿದ್ದೇನೆ.

ಮೊದಲು ಯಾವ ಗಾಡಿಗಳು ಅಂತ ಹೇಳಿಬಿಡ್ತೇನೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಹೊರಗೆ ಬಿಡೋಕೆ ಶುರು ಮಾಡಿತು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು, 1996ರಲ್ಲಿ ಬಾಗಿಲು ಹಾಕಿತು. ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ಯಮಹಾದ ಆರ್‌ಡಿ 350ಯನ್ನು ರಾಜದೂತ್ ಹೆಸರಲ್ಲಿ ತಂದಿತು. ಎರಡು ಸಿಲಿಂಡರ್, 347 ಸಿಸಿ, ಆರು ಗೇರು. 1985ರಲ್ಲಿ ಆರ್‌ಎಕ್ಸ್ 100 ಬಂತು, 98 ಸಿಸಿಗೆ 11 ಬಿಎಚ್‌ಪಿ, ಗಾಡಿಯ ತೂಕ ಬರೀ ನೂರು ಕಿಲೋ ಆಸುಪಾಸು. ಅದೂ 1996ಕ್ಕೆ ನಿಂತಿತು. ಎಲ್ಲವೂ ಟೂ ಸ್ಟ್ರೋಕ್. ಇವನ್ನು ಇಷ್ಟಪಡೋದರಲ್ಲಿ ತಪ್ಪೇನಿಲ್ಲ, ನನಗೂ ಇಷ್ಟವೇ. ನನ್ನ ಜಗಳ ಇವನ್ನು ಮಾರುವ ರೀತಿಯ ಮೇಲೆ, ಅದಕ್ಕಿಂತ ಹೆಚ್ಚಾಗಿ ಕೊಳ್ಳುವ ರೀತಿಯ ಮೇಲೆ.

ಜಾಹೀರಾತಿನಲ್ಲಿ ಮೊದಲು ಬರುವ ಮಾತು ‘ವಿಂಟೇಜ್’. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ವಿಂಟೇಜ್ ಗಾಡಿಗೆ ನಿಯಮ ಮಾಡಿದೆ. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡ ಮಟ್ಟದಲ್ಲಿ ಬದಲಾಗಿರಬಾರದು. ಹೊಸದಾಗಿ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಅಂತ ಬರ್ತದೆ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಾ ರಸ್ತೆ ಮೇಲೆ ಓಡಿಸುವ ಹಾಗೂ ಇಲ್ಲ. ಈ ಲೆಕ್ಕದಲ್ಲಿ ಅತಿ ಹಳೆಯ ಆರ್‌ಡಿ 350 ವಿಂಟೇಜ್ ಆಗೋದು 2033ಕ್ಕೆ, ಆರ್‌ಎಕ್ಸ್ 100 ಆಗೋದು 2035ಕ್ಕೆ. ಈಗ ಆ ಮಾತಿಗೆ ಅರ್ಹವಾದದ್ದು ಹಳೆ ಜಾವಾ, ಮೊದಮೊದಲಿನ ಯೆಜ್ಡಿ ಮಾತ್ರ. ಉಳಿದದ್ದು ಬರೀ ಹಳೆ ಗಾಡಿ. ‘ವಿಂಟೇಜ್’ ಅನ್ನೋ ಒಂದು ಮಾತಿಗೆ ಐವತ್ತು ಸಾವಿರ ಜಾಸ್ತಿ ಕೊಡೋದು ಯಾವ ನ್ಯಾಯ?

ಎರಡನೇ ಮಾತು ‘ಫುಲ್ ರಿಸ್ಟೋರ್ಡ್’. ನನಗೆ ಅತಿ ಸಿಟ್ಟು ಬರೋದು ಇದರ ಮೇಲೆ. ನಾವಿರೋದು ಅಘನಾಶಿನಿ ಸಮುದ್ರ ಸೇರುವಲ್ಲಿ. ಉಪ್ಪುನೀರಿನ ಗಜನಿಯಲ್ಲಿ ಕಗ್ಗ ಭತ್ತ ಒಂದೇ ತಡೆದುಕೊಳ್ಳೋದು, ಸಾಣಿಕಟ್ಟೆಯಲ್ಲಿ ಅದೇ ನೀರಿನಿಂದ ಉಪ್ಪು ತೆಗೀತಾರೆ. ಅಂಥ ಗಾಳಿಯಲ್ಲಿ ಕಬ್ಬಿಣ ಹೊರಗಿನಿಂದ ತುಕ್ಕು ಹಿಡಿಯೋದಕ್ಕಿಂತ ಒಳಗಿನಿಂದ ತಿನ್ನಿಸಿಕೊಳ್ಳೋದು ಜಾಸ್ತಿ. ಫ್ರೇಮಿನ ಪೈಪು, ಹಿಂದಿನ ಸ್ವಿಂಗ್ ಆರ್ಮ್, ಮಡ್‌ಗಾರ್ಡಿನ ಮಡಿಕೆ, ಟ್ಯಾಂಕಿನ ತಳ, ಇವೆಲ್ಲ ಒಳಗೆ ಟೊಳ್ಳಾದ ಮೇಲೆ ಹೊರಗೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದು, ಮೇಲೊಂದು ಲ್ಯಾಕರ್ ಕೊಟ್ಟರೆ ಕನ್ನಡಿ ಹಾಗೆ ಹೊಳೀತದೆ. ಗೆದ್ದಲು ತಿಂದ ಜಂತಿಗೆ ವಾರ್ನಿಶ್ ಹೊಡೆದ ಹಾಗೆ.

ಹಳೆ ರೇಡಿಯೋ ಸ್ಪೀಕರಿನ ಅಯಸ್ಕಾಂತ ಒಂದು ಜೇಬಲ್ಲಿ ಹಾಕ್ಕೊಂಡು ಹೋಗಿ. ತೆಳು ಬಟ್ಟೆ ಸುತ್ತಿ ಟ್ಯಾಂಕಿನ ಮೇಲೆ, ಸೈಡ್ ಬಾಕ್ಸಿನ ಮೇಲೆ ಸರಿಸಿ. ಹಿಡಿಯದೆ ಜಾರುವಲ್ಲಿ ಪುಟ್ಟಿ ಇದೆ. ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಒಳಗೆ ಕೆಂಪು ಪುಡಿ ಕಂಡರೆ ಅದು ಇವತ್ತಲ್ಲ ನಾಳೆ ಕಾರ್ಬುರೇಟರಿಗೆ ಇಳೀತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಬೇರೆ. ಅದು ಗಾಳಿಯ ನೀರು ಎಳ್ಕೊಳ್ತದೆ, ಹಳೆ ರಬ್ಬರ್ ಪೈಪು ವಾಶರ್ ತಿಂತದೆ. ಮಳೆಗಾಲದಲ್ಲಿ ಮೂರು ತಿಂಗಳು ನಿಲ್ಲಿಸಿಟ್ಟ ಟ್ಯಾಂಕ್ ನಮ್ಮ ಕಡೆ ಏನಾಗ್ತದೆ ಅಂತ ಬೆಂಗಳೂರಿನಲ್ಲಿ ಕೂತು ರೀಲ್ ಮಾಡುವವರಿಗೆ ಗೊತ್ತಿಲ್ಲ.

ಫ್ರೇಮ್ ನೆಟ್ಟಗಿದೆಯಾ ನೋಡೋಕೆ ಗ್ಯಾರೇಜ್ ಬೇಡ. ಅಡಿಕೆ ಸಸಿ ನೆಡೋಕೆ ಹಗ್ಗ ಹಿಡೀತೇವಲ್ಲ, ಹಾಗೇ ಹಿಂದಿನ ಟೈರಿನ ಎರಡೂ ಪಕ್ಕಕ್ಕೆ ದಾರ ತಾಗಿಸಿ ಮುಂದಿನ ಚಕ್ರದವರೆಗೆ ಎಳೆದು ಹಿಡೀರಿ. ಹ್ಯಾಂಡಲ್ ನೇರ ಇಟ್ಟಾಗ ಎರಡೂ ಕಡೆ ಸಂದು ಸಮ ಇರಬೇಕು. ಒಂದು ಕಡೆ ತಾಗಿ ಇನ್ನೊಂದು ಕಡೆ ಅರ್ಧ ಇಂಚು ಬಿಟ್ಟರೆ ಆ ಗಾಡಿ ಎಲ್ಲೋ ಗುದ್ದಿದ್ದು. ಗಾಡಿ ಸೆಂಟರ್ ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರ ಅಡ್ಡ ಅಲ್ಲಾಡಿಸಿ, ಮುಂದಿನದನ್ನು ಎತ್ತಿ ಫೋರ್ಕ್ ಹಿಂದೆ ಮುಂದೆ ಎಳೀರಿ. ‘ಕಟ್’ ಅಂದರೆ ಬುಷ್ ಅಥವಾ ಕೋನ್ ಸೆಟ್ ಹೋಗಿದೆ. ಇದು ದೊಡ್ಡ ಖರ್ಚಲ್ಲ, ಆದರೆ ದರ ಇಳಿಸೋಕೆ ಒಳ್ಳೆ ಕಾರಣ.

ಇನ್ನು ಎಂಜಿನ್. ಮಾರುವವನು ನೀವು ಬರೋ ಹೊತ್ತಿಗೆ ಗಾಡಿ ಸ್ಟಾರ್ಟ್ ಮಾಡಿ ಇಟ್ಟಿರ್ತಾನೆ. ಹೋದ ತಕ್ಷಣ ಸಿಲಿಂಡರಿನ ಹತ್ತಿರ ಕೈ ಹಿಡೀರಿ. ಬಿಸಿ ಇದ್ದರೆ ಚಹಾ ಕುಡಿದು ಕೂತುಬಿಡಿ, ತಣ್ಣಗಾಗಲಿ. ಎಮ್ಮೆ ಕೊಳ್ಳೋಕೆ ಹೋದವರು ಮೊದಲೇ ಕರೆದಿಟ್ಟ ಹಾಲು ನೋಡಿ ದುಡ್ಡು ಕೊಡ್ತಾರಾ? ಎದುರಿಗೇ ಕರೆಸ್ತಾರೆ. ತಣ್ಣಗಿನ ಎಂಜಿನ್ ಎಷ್ಟು ಕಿಕ್ಕಿಗೆ ಎದ್ದಿತು, ಎದ್ದ ಮೇಲೆ ಎಂಥ ಸದ್ದು ಬಂತು, ಅದೇ ನಿಜ.

ಟೂ ಸ್ಟ್ರೋಕಿನಲ್ಲಿ ಹೊಗೆ ಬರೋದು ಸಹಜ, ಆದರೆ ಯಾವ ಹೊಗೆ ಅಂತ ನೋಡಬೇಕು. ಶುರುವಿಗೆ ನೀಲಿ ಬಂದು ಬಿಸಿಯಾದ ಮೇಲೆ ತೆಳುವಾದರೆ ಸರಿ. ಅರ್ಧ ಗಂಟೆ ಓಡಿಸಿದ ಮೇಲೂ ದಟ್ಟ ಹೊಗೆ ಬಿಡ್ತಾ, ಗೇರ್ ಆಯಿಲ್ ಕಮ್ಮಿಯಾಗ್ತಾ ಇದ್ದರೆ ಕ್ರ್ಯಾಂಕಿನ ಕ್ಲಚ್ ಕಡೆಯ ಸೀಲು ಹೋಗಿದೆ, ಗೇರಿನ ಆಯಿಲನ್ನು ಎಂಜಿನ್ನೇ ಕುಡೀತಾ ಇದೆ. ಮ್ಯಾಗ್ನೆಟ್ ಕಡೆಯ ಸೀಲು ಹೋದರೆ ಇನ್ನೂ ಅಪಾಯ. ಅಲ್ಲಿಂದ ಬರೀ ಗಾಳಿ ಒಳಗೆ ಹೋಗ್ತದೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕಿರುಚ್ತಾ ಇರ್ತದೆ. ಹುಡುಗರು ಅದನ್ನೇ ‘ಪಿಕಪ್ ಭಾರಿ’ ಅಂತಾರೆ! ಪೆಟ್ರೋಲು ಕಮ್ಮಿ, ಆಯಿಲು ಕಮ್ಮಿ, ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳೋದಕ್ಕೆ ಎಷ್ಟು ಹೊತ್ತು? ಎಂಬತ್ತರ ವೇಗದಲ್ಲಿ ಹಿಂದಿನ ಚಕ್ರ ಲಾಕ್ ಆದರೆ ಏನಾಗ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಪ್ಲಗ್ ಬಿಚ್ಚಿಸಿ. ಮಣ್ಣಿನ ಬಣ್ಣ ಇದ್ದರೆ ಒಳ್ಳೇದು, ಬಿಳಿ ಇದ್ದರೆ ಕಾಯ್ತಾ ಇದೆ, ಒದ್ದೆ ಕಪ್ಪು ಇದ್ದರೆ ಆಯಿಲ್ ಜಾಸ್ತಿ. ಸಿಲಿಂಡರ್ ಎಷ್ಟು ಸಲ ಬೋರ್ ಆಗಿದೆ ಅಂತ ಕೇಳಿ. ಆರ್‌ಎಕ್ಸ್ 100ರದ್ದು ಕಂಪನಿಯಿಂದ ಬಂದಾಗ 50 ಮಿಲಿಮೀಟರ್, ಆರ್‌ಡಿಯದ್ದು 64, ಜಾವಾದ್ದು 65. ಸವೆದ ಹಾಗೆ ಬೋರ್ ಮಾಡಿಸ್ತಾ ದೊಡ್ಡ ಪಿಸ್ಟನ್ ಹಾಕ್ತಾ ಹೋಗ್ತಾರೆ. ಕೊನೆಯ ಸೈಜಿಗೆ ಬಂದಿದ್ದರೆ ಮುಂದೆ ಸ್ಲೀವ್ ಹಾಕಿಸೋದೇ ಗತಿ. ಬಿಲ್ ತೋರಿಸಿದರೆ ನಂಬಿ, ಬಾಯಿ ಮಾತಿಗೆ ಒಂದು ರೂಪಾಯಿಯೂ ಬೇಡ. ಜಾವಾ, ಯೆಜ್ಡಿಯಲ್ಲಿ ಕಿಕ್ಕೂ ಗೇರೂ ಒಂದೇ ಲಿವರಿನಲ್ಲಿ. ಅದರ ಹಲ್ಲು ಸವೆದಿದೆಯಾ, ಏರು ಹತ್ತುವಾಗ ಗೇರು ತಾನಾಗಿ ಹಾರ್ತದಾ, ಇಷ್ಟು ಓಡಿಸಿಯೇ ನೋಡಬೇಕು.

ಆರ್‌ಡಿ ಬಗ್ಗೆ ಬೇರೆಯೇ ಹೇಳಬೇಕು. ಜಪಾನಿನ ಮೂಲ ಗಾಡಿ 39 ಬಿಎಚ್‌ಪಿ, ಮುಂದೆ ಡಿಸ್ಕ್ ಬ್ರೇಕ್. ನಮ್ಮ ದೇಶಕ್ಕೆ ಬಂದದ್ದು ಮೊದಲು 30.5 ಬಿಎಚ್‌ಪಿಯ ಎಚ್‌ಟಿ, ಆಮೇಲೆ 27ರ ಎಲ್‌ಟಿ, ಎರಡಕ್ಕೂ ಡ್ರಮ್ ಬ್ರೇಕ್. ಎಚ್‌ಟಿಗೆ ಬೆಲೆ ಜಾಸ್ತಿ ಅಂತ ಎಲ್‌ಟಿಯನ್ನೂ ಎಚ್‌ಟಿ ಅಂತಲೇ ಮಾರ್ತಾರೆ. ಕೊಳ್ಳುವವನು ಎಚ್‌ಟಿಯೋ ಎಲ್‌ಟಿಯೋ ಅಂತ ಒಂದು ವಾರ ವಾದ ಮಾಡ್ತಾನೆ, ಬ್ರೇಕ್ ಲೈನರ್ ಎಷ್ಟಿದೆ ಅಂತ ಒಂದು ನಿಮಿಷ ಕೇಳೋದಿಲ್ಲ. ಈ ಗಾಡಿಗೆ ‘ರ‍್ಯಾಪಿಡ್ ಡೆತ್’ ಅಂತ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಇನ್ನೊಂದು: ಇದರಲ್ಲಿ ಟೂಟಿ ಆಯಿಲಿಗೆ ಬೇರೆ ಪಂಪ್ ಇದೆ. ಎಷ್ಟೋ ಗಾಡಿಯಲ್ಲಿ ಅದನ್ನು ಕಿತ್ತು ಬಿಸಾಡಿರ್ತಾರೆ. ಹಾಗಿದ್ದರೆ ಜಾವಾದ ಹಾಗೆ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಗೊತ್ತಿಲ್ಲದೆ ಬರೀ ಪೆಟ್ರೋಲ್ ಹಾಕಿದರೆ ಎಂಜಿನ್ ಮುಗೀತು.

ಆಯಿಲ್ ಬೆರೆಸಿ ಓಡಿಸುವ ಗಾಡಿಯನ್ನು ದೇವಿಮನೆ ಘಾಟಿಯಲ್ಲಿ ಇಳಿಸೋದೂ ಒಂದು ವಿದ್ಯೆ. ಆಕ್ಸಿಲರೇಟರ್ ಪೂರಾ ಬಿಟ್ಟು ಮೈಲಿಗಟ್ಟಲೆ ಇಳಿದರೆ ಪೆಟ್ರೋಲಿನ ಜೊತೆ ಆಯಿಲೂ ನಿಲ್ತದೆ, ಎಂಜಿನ್ ಮಾತ್ರ ತಿರುಗ್ತಾನೇ ಇರ್ತದೆ. ಹಳಬರು ನಡುನಡುವೆ ಕ್ಲಚ್ ಹಿಡಿದು ಒಂದೊಂದು ಸಲ ತಿರುವಿ ಕೊಡ್ತಿದ್ದರು. ಟೂ ಸ್ಟ್ರೋಕ್ ಎಂಜಿನ್ ಗಾಡಿಯನ್ನು ಹಿಡಿದು ನಿಲ್ಲಿಸೋದೂ ಕಮ್ಮಿ, ಇಳಿಜಾರಿನ ಭಾರವೆಲ್ಲ ಬ್ರೇಕಿನ ಮೇಲೆ. ಹಾಗಾಗಿ ಹೆದ್ದಾರಿ 66ರ ಮೇಲೆ ಎರಡು ಕಿಲೋಮೀಟರ್ ಓಡಿಸಿ ‘ಚಲೋ ಇದ್ದು’ ಅಂದರೆ ಅದು ಪರೀಕ್ಷೆ ಅಲ್ಲ.

ಕಾಗದಕ್ಕೆ ಬರ್ತೇನೆ. ನಮ್ಮ ಹುಡುಗರು ಮುಳುಗೋದು ಇಲ್ಲೇ. ಹಳೆ ಗಾಡಿಯ ಜೊತೆ ಒಂದು ಪ್ಲಾಸ್ಟಿಕ್ ಕವರ್ ಬರ್ತದೆ. ಅದರಲ್ಲಿ ಹರಿದ ಆರ್‌ಸಿ ಬುಕ್ಕು, ಸಹಿ ಮಾಡಿದ ಖಾಲಿ ಫಾರ್ಮ್ 29, 30. ಸಹಿ ಹಾಕಿದ ಮೊದಲ ಯಜಮಾನ ಯಾವತ್ತೋ ತೀರಿಕೊಂಡಿರ್ತಾರೆ. ತೀರಿಕೊಂಡವರ ಗಾಡಿ ಮೊದಲು ಫಾರ್ಮ್ 31ರಲ್ಲಿ ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ ನಿಮ್ಮ ಹೆಸರಿಗೆ. ಆ ವಾರಸುದಾರರು ಎಲ್ಲಿದ್ದಾರೋ! ಗೋವಾ ಗಾಡಿ ಅಗ್ಗ ಅಂತ ತಂದರೆ ಎನ್‌ಒಸಿ ಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು, ಆಗಲೇ ಕೆಎ-47 ನಂಬರು. ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೆ ನವೀಕರಣ ಬೇರೆ. 20 ವರ್ಷ ದಾಟಿದ ಬೈಕಿಗೆ ಆ ಶುಲ್ಕವನ್ನೇ 2025ರಲ್ಲಿ 2,000 ರೂಪಾಯಿ ಮಾಡಿದ್ದಾರೆ. ಎಷ್ಟು ವರ್ಷದಿಂದ ನವೀಕರಣ ಆಗಿಲ್ಲ, ಎಷ್ಟು ದಂಡ ಬೀಳ್ತದೆ ಅಂತ ದುಡ್ಡು ಕೊಡುವ ಮೊದಲು ಆರ್‌ಟಿಒ ಕೌಂಟರಿನಲ್ಲಿ ಕೇಳಿ, ಮಾರುವವನ ಹತ್ತಿರ ಅಲ್ಲ.

ಫ್ರೇಮಿನ ಮೇಲಿನ ನಂಬರಿಗೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೀರಿ, ಎಂಜಿನ್ನಿನದ್ದೂ. ಎರಡನ್ನೂ ಆರ್‌ಸಿಗೆ ತಾಳೆ ನೋಡಿ. ಅಕ್ಷರ ವಕ್ರ ಇದ್ದರೆ, ಸುತ್ತ ಗ್ರೈಂಡರ್ ಗೀರು ಇದ್ದರೆ ಎದ್ದು ಬನ್ನಿ. ಚೌಕಾಸಿಯೂ ಬೇಡ. ಕಳ್ಳಮಾಲು ಅಂತ ಪೊಲೀಸರು ಎತ್ತಿಕೊಂಡು ಹೋದರೆ ನಿಮ್ಮ ಮೂರೂವರೆ ಲಕ್ಷಕ್ಕೆ ಯಾರೂ ರಸೀತಿ ಕೊಡೋದಿಲ್ಲ. ಮಾರುವವರಿಗೂ ಒಂದು ಮಾತು. 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಹೇಳಿದೆ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ. ಅಪ್ಪನ ಕಾಲದ ಯೆಜ್ಡಿಯನ್ನು ಹೆಸರು ಬದಲಿಸದೆ ಹತ್ತು ಸಾವಿರಕ್ಕೆ ಕೊಟ್ಟು ಕೈ ತೊಳೆದವರು ಸ್ವಲ್ಪ ಯೋಚನೆ ಮಾಡಿ.

ನಾನು ಹೀಗೆಲ್ಲ ಹೇಳಿದರೆ ‘ಅಣ್ಣಾ, ಹವ್ಯಾಸಕ್ಕೆ ಲೆಕ್ಕ ಹಾಕಬಾರದು’ ಅಂತಾರೆ. ದುಡ್ಡಿದ್ದವರು ಹಾಕೋದು ಬೇಡ. ಆದರೆ ಸೊಸೈಟಿ ಸಾಲ ಬಾಕಿ ಇಟ್ಟು, ತೋಟಕ್ಕೆ ಮದ್ದು ಹೊಡೆಯದೆ ಕೊಳ್ಳೋದು ಹವ್ಯಾಸ ಅಲ್ಲ ತಮ್ಮಾ. ಇನ್ನೊಬ್ಬ ಅಂದ, ‘ಬೆಲೆ ಏರ್ತಾನೇ ಇದೆ, ಇದು ಬಂಗಾರ ಇದ್ದ ಹಾಗೆ.’ ಬಂಗಾರಕ್ಕೆ ಕ್ರ್ಯಾಂಕ್ ಸೀಲು ಬದಲಿಸಬೇಕಾ? ಅದಕ್ಕೆ ಉಪ್ಪುಗಾಳಿಯಲ್ಲಿ ತುಕ್ಕು ಬರ್ತದಾ? ಏರಿದ ಬೆಲೆಯಲ್ಲಿ ಕೊಳ್ಳುವವನು ಇನ್ನೊಬ್ಬ ನಿಮ್ಮಂಥವನೇ ಸಿಗಬೇಕು, ಅಷ್ಟೇ.

ಎಲ್ಲರೂ ಮೋಸಗಾರರು ಅಂತ ನಾನು ಹೇಳೋದಿಲ್ಲ. ಒಳ್ಳೆ ಕೆಲಸ ಮಾಡುವವರು ಇದ್ದಾರೆ. ಗುರುತು ಸುಲಭ: ಬಿಚ್ಚುವ ಮೊದಲು ಫೋಟೋ ತೆಗೆದಿರ್ತಾರೆ, ಬರಿಯ ಫ್ರೇಮಿನ ಫೋಟೋ ಇಟ್ಟಿರ್ತಾರೆ, ತೆಗೆದ ಹಳೆ ಪಿಸ್ಟನ್ನು ಬೇರಿಂಗು ಡಬ್ಬಿಯಲ್ಲಿ ಹಾಕಿ ಕೊಡ್ತಾರೆ, ಎಲ್ಲಿ ಯಾವ ಸಾಮಾನು ಡೂಪ್ಲಿಕೇಟ್ ಹಾಕಿದ್ದು ಅಂತ ಕೇಳದೆಯೇ ಹೇಳ್ತಾರೆ. ಮೈಸೂರಿನ ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದ ಮೇಲೆ ಯೆಜ್ಡಿಗೆ ಎಲ್ಲ ಸಾಮಾನೂ ಕಂಪನಿಯದ್ದೇ ಹಾಕಿದ್ದೇನೆ ಅನ್ನುವವನನ್ನು ನಂಬಬೇಡಿ. ಅಂಥ ಹೊಳೆಯುವ ಗಾಡಿಗಿಂತ ಕೊಟ್ಟಿಗೆಯ ಮೂಲೆಯಲ್ಲಿ ಹುಲ್ಲಿನ ಕೆಳಗೆ ಬಿದ್ದ, ನಂಬರು ಸರಿ ಇರುವ, ಯಜಮಾನ ಬದುಕಿರುವ ಗಾಡಿ ಮೇಲು. ಅದರ ರೋಗ ಕಣ್ಣಿಗೆ ಕಾಣ್ತದೆ. ಅದಕ್ಕೆ ದರ ಕಟ್ಟಬಹುದು.

ಈಗ ಹುಡುಕ್ತಿರುವ ಮೂವರಿಗೂ ನಾನು ಹೇಳಿರೋದು ಇಷ್ಟು. ಜೂನ್ ಬರಲಿ. ನಾಲ್ಕು ದಿನ ಮಳೆ ಹೊಡೆದ ಮೇಲೆ ಹೋಗಿ, ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ಒದ್ದೆ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ ಡ್ರಮ್ ಬ್ರೇಕ್ ಹಿಡಿದು ನೋಡಿ. ಮಳೆಯಲ್ಲಿ ಗಾಡಿ ಹೊರಗೆ ತೆಗೆಯೋದಿಲ್ಲ ಅಂತ ಮಾರುವವನು ಅಂದರೆ ಅಡ್ವಾನ್ಸ್ ಕೊಡದೆ ವಾಪಸ್ ಬನ್ನಿ. ಒಬ್ಬರೇ ಹೋಗೋದು ಬೇಡ ಅನ್ನಿಸಿದರೆ ಭಾನುವಾರ ಹಾಲು ಹಾಕಿ ಬಂದ ಮೇಲೆ ನಾನೂ ಬರ್ತೇನೆ, ಅಯಸ್ಕಾಂತ ನನ್ನ ಹತ್ತಿರ ಇದೆ.