ಬಿಟ್ಟಿ ಕೂಳು ಯಾರದು?

ಹಾಸ್ಟೆಲ್ ಗೆಳೆಯರೆ,

‘ಸರ್ಕಾರದ ಬಿಟ್ಟಿ ಕೂಳು ತಿಂದು ಓದೋರು’ ಅನ್ನೋ ಮಾತು ನಮಗೆ ಹೊಸದಲ್ಲ. ಕ್ಲಾಸಿನಲ್ಲೂ ಕೇಳಿದ್ದೇವೆ, ಬಸ್‌ಸ್ಟ್ಯಾಂಡಿನಲ್ಲೂ ಕೇಳಿದ್ದೇವೆ. ಬನ್ನಿ, ಲೆಕ್ಕ ಹಾಕೋಣ.

ರಾಬರ್ಟ್‌ಸನ್‌ಪೇಟೆಯಿಂದಲೇ ಶುರು ಮಾಡೋಣ. ಇಲ್ಲಿನ ಗಣಿಗಳಲ್ಲಿ ನಮ್ಮ ತಾತಂದಿರು ಮೂರು ಸಾವಿರ ಮೀಟರಿಗೂ ಆಳಕ್ಕೆ ಇಳಿದರು. ಬಂಗಾರ ಮೇಲೆ ಬಂತು, ಕಲ್ಲಿನ ಧೂಳು ಅವರ ಎದೆಯಲ್ಲಿ ಉಳಿಯಿತು. ಅವರಲ್ಲಿ ಬಹುಪಾಲು ದಲಿತರು. 1901ರಲ್ಲಿ ಜಾನ್ ಟೇಲರ್ ಕಂಪನಿ ನಂದಿದುರ್ಗ ಗಣಿಯಲ್ಲಿ ಇಂಗ್ಲಿಷ್ ಶಾಲೆ ತೆರೆಯಿತು. ಯಾರಿಗೆ? ಬಿಳಿಯ ನೌಕರರ ಮಕ್ಕಳಿಗೆ. ದುಡಿಮೆ ಕೂಲಿ ಲೈನಿನದು, ಬೆಂಚು ಬಂಗಲೆಯವರದು!

ಇದು ಒಂದೂರಿನ ಕತೆಯಲ್ಲ. ರೈತ ಬೆವರು ಸುರಿಸಿ ಕಟ್ಟಿದ ಕಂದಾಯ ಮೇಲ್ಜಾತಿಯವರ ವಿದ್ಯೆಗೆ ಹೋಗುತ್ತಿದೆ ಅಂತ ಜೋತಿಬಾ ಫುಲೆ 1882ರಲ್ಲೇ ಹಂಟರ್ ಆಯೋಗಕ್ಕೆ ಹೇಳಿದ್ದರು.

ಬಿಳಿಯರು ಹೋದರು. 1966ರಲ್ಲಿ ಕೊಠಾರಿ ಆಯೋಗ, ರಾಷ್ಟ್ರದ ವರಮಾನದಲ್ಲಿ ನೂರಕ್ಕೆ 6 ಪಾಲು ಶಿಕ್ಷಣಕ್ಕಿರಲಿ, ಬಡವ ಬಲ್ಲಿದರ ಮಕ್ಕಳು ನೆರೆಹೊರೆಯ ಒಂದೇ ಶಾಲೆಯಲ್ಲಿ ಓದಲಿ ಎಂದಿತು. 1968ರ ಶಿಕ್ಷಣ ನೀತಿ ಆ 6ನ್ನು ಒಪ್ಪಿತು. 2020ರ ನೀತಿ ಮತ್ತೆ ಅದನ್ನೇ ಬರೆಯಿತು. ಕೇಂದ್ರ, ರಾಜ್ಯ ಎರಡನ್ನೂ ಕೂಡಿಸಿದರೂ ಆ 6 ಇನ್ನೂ ಮುಟ್ಟಿಲ್ಲ.

ಒಂದೇ ಶಾಲೆಯೂ ಬರಲಿಲ್ಲ. ಕಾಸಿದ್ದವನಿಗೆ ಕಾನ್ವೆಂಟು, ಇಲ್ಲದವನಿಗೆ ಸರ್ಕಾರಿ ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಯಲ್ಲಿ ನೂರಕ್ಕೆ 25 ಸೀಟು ಬಡವರಿಗೆ ಕೊಟ್ಟಿತು. 2019ರಲ್ಲಿ ಕರ್ನಾಟಕ ಸರ್ಕಾರ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಇಲ್ಲವೆ ಅನುದಾನಿತ ಶಾಲೆ ಇದ್ದರೆ ಆ ಸೀಟಿಲ್ಲ ಎಂದಿತು. ಸರಿ ಸ್ವಾಮಿ, ನಾವು ಸರ್ಕಾರಿ ಶಾಲೆಗೇ ಹೋಗುತ್ತೇವೆ. ನಿಯಮ ತಿದ್ದಿದವರ ಮಕ್ಕಳೂ ಅಲ್ಲಿಗೇ ಬರಲಿ! ಶಾಸಕನ ಮಗ ಕೂಲಿಯವನ ಮಗನ ಪಕ್ಕ ಕೂತ ದಿನವೇ ಸೋರುವ ಸೂರು ರಿಪೇರಿ ಆಗುತ್ತೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಲೈನಿನ ಜನ ಈಗ ನಸುಕಿನಲ್ಲೇ ಎದ್ದು ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗುತ್ತಾರೆ. ಅವರು ಕೊಳ್ಳುವ ಸೋಪಿಗೂ ತೆರಿಗೆ ಇದೆ, ಬೆಂಕಿಪೊಟ್ಟಣಕ್ಕೂ ತೆರಿಗೆ ಇದೆ. ನಮ್ಮ ತಟ್ಟೆಯ ಮುದ್ದೆ ಆ ದುಡ್ಡಿನದು. ಅದು ದಾನವಲ್ಲ, ನಮಗೆ ಬರಬೇಕಾದ ಬಾಕಿ.

ಆದ್ದರಿಂದ ಸ್ಕಾಲರ್‌ಶಿಪ್ ತಡವಾದರೆ ಯಾರ ಮುಂದೆಯೂ ಅಂಗಲಾಚಬೇಡಿ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಕಟ್ಟಿ, ಬರೆದು ಕೇಳಿ: ಎಷ್ಟು ಬಂತು? ಎಷ್ಟು ಖರ್ಚಾಯ್ತು? ಮಿಕ್ಕಿದ್ದು ಎಲ್ಲಿ?