ಕಚೇರಿಯಲ್ಲಿ ಕ್ರಿಸ್ತನ ಮಾತು
ಸಂತ ಪೌಲ ಕೊರಿಂಥದಲ್ಲಿ ಹೊಟ್ಟೆಪಾಡಿಗೆ ಗುಡಾರ ಮಾಡುವ ಕೆಲಸ ಮಾಡುತ್ತಿದ್ದ. ಅದೇ ಕಸುಬಿನ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲೇ ವಾಸ, ಅವರ ಜೊತೆಗೇ ದುಡಿಮೆ. ಸಬ್ಬತ್ ದಿನ ಸಭಾಮಂದಿರದಲ್ಲಿ ಚರ್ಚೆ ಮಾಡುತ್ತಿದ್ದನೆನ್ನುವುದೂ ನಿಜ, ಆದರೆ ನನಗೆ ಹತ್ತಿರವೆನಿಸುವುದು ಕೈಗೆ ಕೆಲಸವಿದ್ದ ಆ ಪೌಲನೇ. ನಮ್ಮ ವಿಶ್ವಾಸದ ಮಾತಿಗೂ ದುಡಿಮೆಯ ಜಾಗದಲ್ಲೇ ಸಂದರ್ಭ ಒದಗುತ್ತದೆ. ಮಂಗಳೂರಿನ ಕಚೇರಿಗಳಲ್ಲಿ ಕ್ರಿಸ್ಮಸ್ ಹೊತ್ತಿಗೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ಡಬ್ಬಿ ಮೇಜಿನಿಂದ ಮೇಜಿಗೆ ಹೋಗುತ್ತದೆ. ಅದರಲ್ಲಿನ ನೆವ್ರಿ ಮುರಿದು ಬಾಯಿಗಿಟ್ಟ ಸಹೋದ್ಯೋಗಿ, “ಗೋದಲಿ ಯಾಕೆ ಮಾಡ್ತೀರಿ?” ಎಂದು ಕೇಳಿದರೆ, ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಮಗುವಿನ ಕಥೆಯನ್ನು ಸಂಕೋಚವಿಲ್ಲದೆ ಹೇಳಬೇಕು. ಕೇಳಿದಷ್ಟಕ್ಕೆ ಉತ್ತರ ಸಾಕು, ಪ್ರವಚನ ಬೇಡ. ಯಾರದೋ ತಾಯಿ ಆಸ್ಪತ್ರೆಯಲ್ಲಿದ್ದಾಗ “ಅಮ್ಮನಿಗೋಸ್ಕರ ಪ್ರಾರ್ಥನೆ ಮಾಡಲಾ?” ಎಂದು ಮೊದಲು ಕೇಳುವುದು ಮರ್ಯಾದೆ, ಆ ದಿನದ ಅವರ ಪಾಳಿಯನ್ನೂ ವಹಿಸಿಕೊಂಡರೆ ಆ ಪ್ರಾರ್ಥನೆಗೆ ಕೈಕಾಲು ಬರುತ್ತದೆ. ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಕೊಟ್ಟಿದೆ, ಸರಿ. ಆದರೆ ರಜೆ, ಬಡ್ತಿ, ಸಂಬಳ ಯಾರ ಕೈಯಲ್ಲಿದೆಯೋ ಅವರ ಮಾತಿಗೆ ಬೇರೆಯೇ ತೂಕ. ಕೈಕೆಳಗಿನವರು ಹೂಂಗುಟ್ಟುವುದು ಒಪ್ಪಿಗೆಯಿಂದಲೋ ಹೆದರಿಕೆಯಿಂದಲೋ ಹೇಗೆ ಗೊತ್ತಾಗಬೇಕು? ಹಾಗಾಗಿ ಮೇಲಧಿಕಾರಿಯಾದ ಕ್ರೈಸ್ತರು ಧರ್ಮದ ವಿಷಯದಲ್ಲಿ ಬಾಯಿ ಬಿಗಿಹಿಡಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸಮಾನರ ನಡುವೆ ಆ ಭಯವಿಲ್ಲ. ಅಲ್ಲಿ ರಂಜಾನ್ ಉಪವಾಸದ ಬಗ್ಗೆ, ಶಬರಿಮಲೆ ವ್ರತದ ಬಗ್ಗೆ ನಾವೂ ಆಸ್ಥೆಯಿಂದ ಕೇಳಬೇಕು, ಕಿವಿಗೊಡಬೇಕು. ಆಗ ಭಾನುವಾರದ ಪೂಜೆಯ ವಿಚಾರವೂ ಊಟದ ಬಿಡುವಿನಲ್ಲಿ ತಾನಾಗಿಯೇ ಬರುತ್ತದೆ.